ಅಳತೆಗೆ ಹೊಲಿದ ಲಂಗ

ಕ್ಲೋಸ್‌ಪೇಟೆಯ ಶಾಲೆಯಲ್ಲಿ ಬೆಳಗಿನ ಮಗ್ಗಿ ಮುಗಿದ ಮೇಲೆ ಮುನಿರಾಮಯ್ಯ ಮೇಷ್ಟರು ಬಟ್ಟೆಯ ಪಾಠ ಶುರುಮಾಡಿದರು. ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆಯೆಂದೇ ಹೆಸರು. ಎಳೆಯ ಮಕ್ಕಳಿಗೆ ಪುಸ್ತಕದ ಮಾತು ನಾಟದೆಂದು ಅವರು ತಮ್ಮ ಹೆಗಲ ಮೇಲಿನ ವಲ್ಲಿಯನ್ನೇ ಹರಡಿ, ಅದರಲ್ಲಿ ನೂಲು ಉದ್ದಕ್ಕೂ ಅಡ್ಡಕ್ಕೂ ಓಡುವುದನ್ನು ತೋರಿಸಿದರು. ಕುರಿ ಸಾಕುವ ಬೀರಲಿಂಗಯ್ಯನ ಮಗ ಕಂಬಳಿಯ ಕಥೆಯನ್ನೆಲ್ಲ ಹೇಳಿದ. ರೇಷ್ಮೆ ನೂಲು ತೆಗೆಯುವವರ ಮನೆಯ ದಿಲ್ಶಾದ್, ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಹಿಡಿಯುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದಳು.

ನಾವು ಬಟ್ಟೆ ಯಾಕೆ ಹಾಕಿಕೊಳ್ಳುತ್ತೇವೆ ಎಂದು ಮೇಷ್ಟರು ಕೇಳಿದರು. ಚಳಿಗೆ ಅಂದಿತು ಒಂದು ಮಗು. ಬಿಸಿಲಿಗೆ, ಸೊಳ್ಳೆಗೆ ಅಂದವು ಇನ್ನೆರಡು. ಮಾನಕ್ಕೆ ಅಂದಳು ದಿಲ್ಶಾದ್. ಕಡೆಗೆ ಮೇಷ್ಟರು ಬಾಗಿಲ ಕಡೆ ತಿರುಗಿದರು. ಎಲ್ಲರ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಸರ್ಕಾರದ ಹುಕುಂ ಬಂದ ಮೇಲೆ ಆ ವಾರವಷ್ಟೇ ಊರಾಚೆಯ ಕೇರಿಯಿಂದ ಒಂದೇ ಒಂದು ಮಗು ಶಾಲೆಗೆ ಬರತೊಡಗಿತ್ತು. ಮಸಣದಲ್ಲಿ ಗುಂಡಿ ತೋಡುವ ಮಂಚಯ್ಯನ ಮಗಳು ಯಲ್ಲಿ. ಹುಕುಂ ಅವಳನ್ನು ಶಾಲೆಯವರೆಗೆ ತಂದಿತ್ತು, ಹೊಸಿಲು ದಾಟಿಸಿರಲಿಲ್ಲ. ಅವಳು ಹೊರಗೆ ಜಗಲಿಯ ಮೇಲೆ ಕೂತು ಪಾಠ ಕೇಳುತ್ತಿದ್ದಳು.

ಯಲ್ಲಿ ಎದ್ದು ನಿಂತು, ಗೊತ್ತಿರುವುದನ್ನು ಹೇಳುವವಳ ಧೈರ್ಯದಿಂದ ಹೇಳಿದಳು: "ಯಾರಾದ್ರೂ ಸತ್ತೋದ್ರೆ ನಮ್ಮಪ್ಪಂಗೆ ಬಟ್ಟೆ ಕೊಡ್ತಾರೆ ಸ್ವಾಮಿ. ಅದ್ಕೆ ಇಕ್ಕತೀವಿ."

ಮಕ್ಕಳು ನಕ್ಕವು. ಮೇಷ್ಟರು ನಗಲಿಲ್ಲ. ಅವಳು ಎದ್ದು ನಿಂತಾಗಲೇ ಮೊದಲ ಸಲ ಅವರ ಕಣ್ಣು ಅವಳ ಲಂಗದ ಮೇಲೆ ಬಿದ್ದಿತ್ತು. ಎಲೆ ಹಸಿರು ಬಣ್ಣ. ಸೊಂಟದ ಹತ್ತಿರ ಕೆಂಡ ಸಿಡಿದು ಸುಟ್ಟ ತೂತು. ಅದನ್ನು ಮುಚ್ಚಲು ಹಳದಿ ದಾರದಲ್ಲಿ ಹಾಕಿದ ಆವರಿಕೆ ಹೂವು. ಆ ಹೂವನ್ನು ಹಾಕಿದ ಕೈ ತಮ್ಮ ಮನೆಯದೇ ಎಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾಠ ಅಲ್ಲಿಗೇ ನಿಂತಿತು.

ಹಿಂದಿನ ವರ್ಷ ಜರ್ಮನಿ ಯುದ್ಧದ ಕೊನೆಯಲ್ಲಿ ಬಂದ ಜ್ವರ ಊರಿನ ಅರ್ಧ ಮನೆಗಳ ದೀಪ ಆರಿಸಿ ಹೋಗಿತ್ತು. ಮೇಷ್ಟರ ಒಬ್ಬಳೇ ಮಗಳು ಪುಟ್ಟಗೌರಿಯನ್ನೂ ಬಿಡಲಿಲ್ಲ. ಅವಳಿಗೆ ಇಷ್ಟವಾದ ಲಂಗ ತೊಡಿಸಿಯೇ ಎತ್ತಿಕೊಂಡು ಹೋಗಿದ್ದರು. ಮಣ್ಣಿಗಿಡುವ ಮುಂಚೆ ಮೈಮೇಲಿನದನ್ನು ಗುಂಡಿ ತೋಡಿದವನಿಗೆ ಬಿಡಬೇಕೆಂದು ಹಿರಿಯರು ಹೇಳಿದಾಗ, ಮೇಷ್ಟರು ತಮ್ಮ ಕೈಯಾರೆ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಆಮೇಲೆ ಆ ಲಂಗ ಏನಾಯಿತೆಂದು ಅವರು ಯೋಚಿಸಿರಲಿಲ್ಲ. ಕೊಟ್ಟವರು ಯಾರೂ ಯೋಚಿಸುವುದಿಲ್ಲ.

ಅಂದಿನಿಂದ ಅವರಿಗೆ ನೆಮ್ಮದಿಯಿಲ್ಲವಾಯಿತು. ಮಧ್ಯಾಹ್ನ ಆಡುವ ಮಕ್ಕಳ ನಡುವೆ ಹಸಿರು ಲಂಗ ಓಡಿದರೆ ಕಣ್ಣು ಅದರ ಹಿಂದೆಯೇ ಓಡುತ್ತಿತ್ತು. ಒಮ್ಮೆ ಬಾಯಿ ತಪ್ಪಿ "ಗೌರೀ, ಬಿದ್ದೀಯೆ" ಎಂದು ಕೂಗಿಯೂಬಿಟ್ಟರು. ಓಡುತ್ತಿದ್ದ ಯಲ್ಲಿ ನಿಂತು ತಿರುಗಿ ನೋಡಿದಳು. ತಿರುಗಿದ ಮುಖ ಬೇರೆಯಾಗಿದ್ದುದೇ ಅವರಿಗೆ ಅನ್ಯಾಯವೆನಿಸಿತು. ಮನೆಯಲ್ಲಿ ಹೆಂಡತಿ ಸರಸಮ್ಮನಿಗೆ ಹೇಳಲಿಲ್ಲ. ಉಣ್ಣಲು ಕೂತಾಗ ಬಾಗಿಲ ಕಡೆ ನೋಡುವ ಅಭ್ಯಾಸ ಆಕೆಗಿನ್ನೂ ಹೋಗಿರಲಿಲ್ಲ. ಹೇಳುವುದಾದರೂ ಹೇಗೆ?

ಅಷ್ಟರಲ್ಲಿ ಬೀರಲಿಂಗಯ್ಯ ಶಾಲೆಗೆ ಬಂದ. ಜಗಳಗಂಟನಲ್ಲ, ಊರಿನಲ್ಲಿ ಮರ್ಯಾದಸ್ಥ. ತಲೆ ತಗ್ಗಿಸಿಯೇ ಮಾತಾಡಿದ.

"ಮೇಷ್ಟ್ರೇ, ಆ ಮಗೀನ ಮೇಲೆ ನಂಗೇನೂ ಕ್ವಾಪ ಇಲ್ಲ. ಆದ್ರೆ ಅದು ಹೆಣದ ಬಟ್ಟೆ. ಹೋದ ವರ್ಸ ನಮ್ಮನೇಲಿ ನಮ್ಮ ತಮ್ಮ, ಅವ್ನ ಹೆಂಡ್ರು ಇಬ್ರೂ ಹೋದ್ರು. ಆ ಸೀಕು ಬಟ್ಟೇಲಿ ಕುಂತಿದ್ರೆ? ನನ್ನ ಮಗ ರಾತ್ರಿ ಬೆಚ್ಚಿ ಬೀಳ್ತಾನೆ. ಬ್ಯಾರೆ ಬಟ್ಟೆ ಇಕ್ಕಂಡು ಬಂದ್ರೆ ನಂದೇನೂ ತಕರಾರಿಲ್ಲ."

ಆ ಮಾತಿನಲ್ಲಿ ಹೆದರಿಕೆಯಿತ್ತು, ಹಗೆಯಿರಲಿಲ್ಲ. ಮೇಷ್ಟರಿಗೆ ಬೇಕಾಗಿದ್ದುದೂ ಅಂಥದೊಂದು ನೆಪವೇ. ಶಾಲೆ ಬಿಡುವ ಹೊತ್ತಿಗೆ ಯಲ್ಲಿಯನ್ನು ಕರೆದು, ನಾಳೆಯಿಂದ ಬೇರೆ ಬಟ್ಟೆ ಹಾಕಿಕೊಂಡು ಬಾ ಎಂದರು. ಅವಳು ಹೂಂ ಎಂದು ತಲೆಯಾಡಿಸಿದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಣ್ಣಿಗೆ ಬೀಳದಿದ್ದರೆ ಮನಸ್ಸು ತಣಿಯುತ್ತದೆಂದು ಮೇಷ್ಟರು ನಂಬಿದ್ದರು. ಆದದ್ದು ಬೇರೆ. ಖಾಲಿ ಜಗಲಿ ಅವರನ್ನು ಇನ್ನಷ್ಟು ಕಾಡಿತು. ಪಾಠದ ನಡುವೆ ಕತ್ತೆತ್ತಿದರೆ ಅಲ್ಲಿ ಒಮ್ಮೆ ಗೌರಿ ಕೂತ ಹಾಗೆ, ಒಮ್ಮೆ ಯಲ್ಲಿ ಕೂತ ಹಾಗೆ. ಇಬ್ಬರನ್ನೂ ತಾವೇ ಕಳಿಸಿಕೊಟ್ಟ ಹಾಗೆ.

ಒಂದು ಸಂಜೆ ಮಂಚಯ್ಯ ಮೇಷ್ಟರ ಮನೆಯ ಹಿತ್ತಲ ಬೇಲಿಯ ಹೊರಗೆ ಬಂದು ನಿಂತ. ಕೈಯಲ್ಲಿ ಮಡಿಸಿದ ಹಸಿರು ಬಟ್ಟೆ. ಅದನ್ನು ಬೇಲಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದ.

"ಒಗ್ದಿವ್ನಿ ಸ್ವಾಮಿ, ಸೀಗೇಕಾಯಿ ಆಕಿ. ಗೌರವ್ವಂದು ಅಂತ ನಂಗೆ ಗೊತ್ತಿತ್ತು. ಅದ್ಕೇ ಒಂದ್ ವರ್ಸ ಯಾರ್ಗೂ ಕೊಡ್ದೆ ಎತ್ತಿಟ್ಟಿದ್ದೆ. ಮಗಳು ಇಸ್ಕೂಲಿಗೆ ಓಯ್ತೀನಿ ಅಂದಾಗ ಮನೇಲಿ ಒಳ್ಳೇದು ಅಂತ ಇದ್ದಿದ್ದು ಇದೊಂದೇಯ. ತಮ್ಗೆ ಸಂಕಟ ಆಯ್ತದೆ ಅಂತ ತಿಳೀನಿಲ್ಲ."

ಬೇರೆ ಬಟ್ಟೆ ಕೊಂಡು ಹಾಕಬಾರದಿತ್ತೇ ಎಂದರು ಮೇಷ್ಟರು. ಆ ಮಾತು ತಮ್ಮ ಕಿವಿಗೇ ಹಗುರವಾಗಿ ಕೇಳಿತು. ಮಂಚಯ್ಯ ನಿಧಾನವಾಗಿ ಹೇಳಿದ. ಅವನ ಅಪ್ಪ ಒಂದು ಸಲ ಮಾಗಡಿ ಸಂತೆಯಿಂದ ಹೊಸ ಪಂಚೆ ತಂದು ಉಟ್ಟಿದ್ದನಂತೆ. ಊರವರು ಅವನನ್ನು ಹುಣಿಸೇಮರಕ್ಕೆ ಕಟ್ಟಿ, ಪಂಚೆಯನ್ನು ಅವನೆದುರೇ ಸುಟ್ಟರಂತೆ. ಆಮೇಲೆ ಅವರ ಮನೆಯಲ್ಲಿ ಯಾರೂ ಹೊಸ ಬಟ್ಟೆಯ ಮಾತೆತ್ತಿರಲಿಲ್ಲ.

ಸರಸಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಅಂಗಳ ದಾಟಿ ಬಂದು ಲಂಗವನ್ನೆತ್ತಿ ಮುಖಕ್ಕೊತ್ತಿಕೊಂಡಳು. ಮಗಳ ವಾಸನೆ ಅದರಲ್ಲಿರಲಿಲ್ಲ. ಸೀಗೆ, ಸೌದೆಹೊಗೆ, ಇನ್ಯಾವುದೋ ಮಗುವಿನ ಬೆವರು. ತಲೆಯೆತ್ತಿ ಬೇಲಿಯಾಚೆಗೆ ನೋಡಿ ಕೇಳಿದಳು.

"ಮಂಚಯ್ಯ, ಇದನ್ನ ಇಲ್ಲಿಗೆ ತಂದೆ. ಈಗ ನಿನ್ನ ಮಗಳು ಏನು ಇಕ್ಕಂಡವ್ಳೆ?"

ಮಂಚಯ್ಯ ನೆಲ ನೋಡಿದ. "ಗೋಣಿ ಸುತ್ಕಂಡವ್ಳೆ ಅವ್ವಾ. ಆಚೆಗೆ ಬರಾಕಿಲ್ಲ ಅಂತಾಳೆ."

ಸರಸಮ್ಮ ಗಂಡನ ಕಡೆ ತಿರುಗಿದಳು. ಬೈಯಲಿಲ್ಲ. "ಇದು ಗೌರೀದು, ನಾನು ಇಟ್ಕತೀನಿ. ಆ ಮಗೀಗೆ ಅದರದ್ದೇ ಅಂತ ಒಂದು ಆಗ್ಬೇಕು" ಎಂದಳು.

ಬೆಳಗಾಗುತ್ತಲೇ ಗಂಡಹೆಂಡಿರಿಬ್ಬರೂ ಕೇರಿಗೆ ಹೋದರು. ಊರಿನ ಹೆಂಗಸೊಬ್ಬಳು ತಮ್ಮ ಗುಡಿಸಲ ಮುಂದೆ ನಿಂತದ್ದನ್ನು ಕೇರಿಯವರು ಕಂಡಿರಲೇ ಇಲ್ಲ. ಸರಸಮ್ಮ ತನ್ನ ಶಾಲು ಹೊದಿಸಿ, ಹೊಸ ಲಂಗ ಹೊಲಿಸುತ್ತೇನೆ ಬಾ ಎಂದು ಯಲ್ಲಿಯನ್ನು ಕರೆದಳು. ಹುಡುಗಿ ಅವಳ ಮುಖವನ್ನೇ ನೋಡಿ, ಮೆಲ್ಲಗೆ, "ಯಾರು ಹೋದ್ರವ್ವಾ?" ಎಂದು ಕೇಳಿದಳು.

ಯಾರೂ ಹೋಗಿಲ್ಲ ಎಂದಳು ಸರಸಮ್ಮ, ಜಾರುತ್ತಿದ್ದ ಶಾಲನ್ನು ಅವಳ ಹೆಗಲಿಗೆ ಎಳೆದು.

ಪೇಟೆಬೀದಿಯಲ್ಲಿ ಜಬ್ಬಾರ್ ಸಾಬರ ಹೊಲಿಗೆ ಅಂಗಡಿ. ಮೇಷ್ಟರು ನೀಲಿ ಹೂವಿನ ಚೀಟಿಬಟ್ಟೆ ತಂದು ಅವರ ಮುಂದಿಟ್ಟರು. ಜಬ್ಬಾರ್ ಸಾಬರು ಮಗುವನ್ನೂ, ಜೊತೆಗೆ ಬಂದವರನ್ನೂ, ಬೀದಿಯನ್ನೂ ನೋಡಿದರು. ಅಕ್ಕಪಕ್ಕದ ಅಂಗಡಿಗಳಲ್ಲಿ ಮಾತು ನಿಂತಿತ್ತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೀರಲಿಂಗಯ್ಯನೂ ಅಲ್ಲೇ ನಿಂತ.

"ಬ್ಯಾರೆ ಬಟ್ಟೆ ಅಂದಿದ್ದು ನಾನೇಯ, ಇಲ್ಲ ಅನ್ನಾಕಿಲ್ಲ" ಎಂದ ಅವನು. "ಇವತ್ತು ಹೊಸ ಬಟ್ಟೆ. ನಾಳೆ ಏನು ಮೇಷ್ಟ್ರೇ?"

"ನಾಳೆ ಒಳಗೆ ಕೂರ್ತಾಳೆ" ಎಂದರು ಮುನಿರಾಮಯ್ಯ.

ಕುರಿಗಳು ಮುಂದೆ ಹೋಗಿದ್ದವು. ಬೀರಲಿಂಗಯ್ಯ ಅವುಗಳ ಹಿಂದೆ ನಡೆದ. ಅವನು ಮಗನನ್ನು ನಾಳೆ ಕಳಿಸುತ್ತಾನೋ ಇಲ್ಲವೋ ಅವನ ನಡಿಗೆಯಿಂದ ತಿಳಿಯುವಂತಿರಲಿಲ್ಲ.

ಜಬ್ಬಾರ್ ಸಾಬರು ಕೊರಳಿನ ಟೇಪು ತೆಗೆದು, "ಬಾ ಮಗಾ, ಅಳತೆ ಕೊಡು" ಎಂದರು. ಹೇಗೆ ನಿಲ್ಲಬೇಕೆಂದು ಯಲ್ಲಿಗೆ ಗೊತ್ತಾಗಲಿಲ್ಲ. ಅವಳ ಮೈಗೆ ಅಳತೆಯೆಂಬುದೊಂದು ಇದೆಯೆಂದು ಅದುವರೆಗೆ ಯಾರೂ ನೋಡಿರಲಿಲ್ಲ. ಸರಸಮ್ಮ ಎದುರು ನಿಂತು ತನ್ನ ತೋಳುಗಳನ್ನು ಅಗಲಿಸಿ ತೋರಿಸಿದಳು. ಹುಡುಗಿ ಉಸಿರು ಹಿಡಿದು, ಹಾಗೆಯೇ ತೋಳು ಚಾಚಿ ನಿಂತಳು. ಟೇಪು ಸೊಂಟ ಸುತ್ತಿ, ಹಿಮ್ಮಡಿಯವರೆಗೆ ಇಳಿಯಿತು.

"ಕೆಳಗೆ ಮಡಿಕೆ ಎಷ್ಟು ಬಿಡ್ಲಿ ಅಮ್ಮಾ?" ಎಂದು ಕೇಳಿದರು ಜಬ್ಬಾರ್ ಸಾಬರು, ಸೀಮೆಸುಣ್ಣ ಹಿಡಿದು.

ಸರಸಮ್ಮ ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಿಸಿ ನೋಡಿದಳು. ಮೇಷ್ಟರು ಅವಳ ಕಡೆ ನೋಡಲಾರದೆ ಬಟ್ಟೆಯ ಮೇಲಿನ ಬಿಳಿ ಗೆರೆಯನ್ನೇ ನೋಡಿದರು.

"ಒಸಿ ಜಾಸ್ತೀನೇ ಬಿಡಿ ಸಾಬರೇ" ಎಂದಳು ಅವಳು. "ಬೆಳೆಯೋ ಮಗು."