ಹ್ಯಾಂಡಲ್ಲಿಗೆ ಕಟ್ಟಿದ ಹರಕೆ

ಹನಕೆರೆಯಲ್ಲಿ ಸೈಕಲ್ ಇಲ್ಲದ ಮನೆ ಕಡಿಮೆ. ಮಕ್ಕಳನ್ನು ಸೈಕಲ್ ಮೇಲೆ ಟಾರು ರಸ್ತೆಗೆ ಕಳಿಸಿ ನಿಶ್ಚಿಂತೆಯಿಂದಿರುವ ತಾಯಂದಿರು ಇನ್ನೂ ಕಡಿಮೆ. ಕಬ್ಬಿನ ಟ್ರಾಕ್ಟರು, ಜಲ್ಲಿ ಲಾರಿ, ಎಲ್ಲಿಂದಲೋ ನುಗ್ಗಿ ಬರುವ ಕಾರು. ಮಗಳು ಗಗನ ಟ್ಯೂಷನ್ ಮುಗಿಸಿ ಬಂದು ಅಂಗಳದಲ್ಲಿ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದು ಕೇಳುವವರೆಗೂ ದೇವಿರಮ್ಮನಿಗೆ ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ರುಚಿ ನೋಡುತ್ತಿದ್ದಳು.

ಈ ಭಯಕ್ಕೆ ಕಾರಣವಿತ್ತು. ಗಗನ ತೊಟ್ಟಿಲಲ್ಲಿದ್ದಾಗ ದೇವಿರಮ್ಮನ ತಮ್ಮ ಕಿರುಗಾವಲಿನ ರಸ್ತೆಯಲ್ಲಿ ಮಬ್ಬುಗತ್ತಲಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಸೈಕಲ್ಲಿಗೆ ಹಿಂದೆ ದೀಪವಿರಲಿಲ್ಲ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಬಿಲ್ಲೆಯೂ ಇರಲಿಲ್ಲ. ಹಿಂದಿನಿಂದ ಬಂದ ಟ್ರಾಕ್ಟರಿನವನಿಗೆ ಅವನು ಕಾಣಲೇ ಇಲ್ಲ. ಆ ಮಾತನ್ನು ದೇವಿರಮ್ಮ ಮನೆಯಲ್ಲಿ ಎತ್ತುತ್ತಿರಲಿಲ್ಲ. ಅದು ಅವಳ ಹೊಟ್ಟೆಯೊಳಗೆ ಒಂದು ಕಲ್ಲಿನ ಹಾಗೆ ಕೂತುಬಿಟ್ಟಿತ್ತು.

ಅಂಥ ಮನೆಗೆ ಗಗನ ಒಂದು ಸುದ್ದಿ ತಂದಳು. ಮಂಡ್ಯದಲ್ಲಿ ಹೆಣ್ಣುಮಕ್ಕಳ ಸೈಕಲ್ ಜಾಥಾ ನಡೆಯುತ್ತದೆ, ಊರಿನ ಬೀದಿಗಳಲ್ಲಿ ನೂರಾರು ಜನ ಒಟ್ಟಿಗೆ ತುಳಿಯುತ್ತಾರೆ, ಕಾಲೇಜಿನ ಗೆಳತಿ ಅಕ್ಸಾ ಆಗಲೇ ಹೆಸರು ಕೊಟ್ಟಿದ್ದಾಳೆ.

"ನೂರಾರು ಸೈಕಲ್ಲಾ? ಒಬ್ರ ಮ್ಯಾಲೊಬ್ರು ಬೀಳಾಕಾ? ಬ್ಯಾಡ ಕಣವ್ವ," ಎಂದಳು ದೇವಿರಮ್ಮ.

"ರಸ್ತೆಲೆಲ್ಲಾ ಪೊಲೀಸ್ನೋರು ಇರ್ತಾರವ್ವ."

"ಪೊಲೀಸ್ನೋರು ಬಂದು ನಿನ್ ಬ್ರೇಕು ಇಡೀತಾರಾ?"

ಜಗಲಿಯಲ್ಲಿದ್ದ ಗಂಡ ಕೆಂಪಯ್ಯ ನಕ್ಕ. "ಓಗ್ಲಿ ಬುಡು. ನಿಂಗೆ ಎಲ್ದಕ್ಕೂ ಪುಕ್ಲು."

ದೇವಿರಮ್ಮ ಒಲೆಯ ಕಡೆ ತಿರುಗಿದಳು. ಪುಕ್ಕಲು ಎಂದು ಕರೆಯುವುದು ಸುಲಭ. ಆ ಭಯ ಹೊತ್ತುಕೊಂಡು ದಿನವೂ ಮಗಳಿಗೆ ಡಬ್ಬಿ ಕಟ್ಟಿ ಕಳಿಸುವವಳು ತಾನಲ್ಲವೇ.

ಮರುದಿನ ಗಾರ್ಮೆಂಟ್ಸಿನ ಬಸ್ಸಿನಲ್ಲಿ ಅಕ್ಸಾಳ ತಾಯಿ ಜಾಕಿಯಾ ದೇವಿರಮ್ಮನ ಪಕ್ಕದಲ್ಲಿ ಕೂತಳು. ಇಬ್ಬರೂ ಮದ್ದೂರಿನ ಹತ್ತಿರದ ಒಂದೇ ಕಾರ್ಖಾನೆಯಲ್ಲಿ ಹೊಲಿಯುವವರು. ಜಾಕಿಯಾಳ ಗಂಡ ವಾಜಿದ್‌ಗೆ ಮಂಡ್ಯದಲ್ಲಿ ಸೈಕಲ್ ಅಂಗಡಿ. ಜಾಥಾ ನಡೆಸುವವರ ಜೊತೆ ಗಂಡ ಹೆಂಡತಿ ಇಬ್ಬರೂ ಓಡಾಡುತ್ತಿದ್ದರು.

"ಅಲ್ಲ ಕಣೆ ಜಾಕಿಯಾ, ನೀನೂ ಮಗ್ಳ ಎತ್ತೋಳೇ. ನಿಂಗೆ ಭಯ ಆಗಾಕಿಲ್ವಾ?"

"ಆಗ್ದೆ ಏನಕ್ಕ, ನಾನೇನು ಕಲ್ಲಾ? ಆದ್ರೆ ನಾವು ಭಯ ಪಟ್ಟ ಮಾತ್ರಕ್ಕೆ ಸಡ್ಲ ಬ್ರೇಕು ಬಿಗಿ ಆಯ್ತದಾ? ಅದ್ಕೆ ಭಯಕ್ಕೂ ಒಂದು ಕೆಲ್ಸ ಕೊಟ್ಟಿವ್ನಿ."

"ಅದ್ಯಾವ ಕೆಲ್ಸ?"

"ನೋಡು. ತುಳಿಯೋಕೆ ಮುಂಚೆ ಟಯರ್ ಒತ್ತಿ ನೋಡೋದು. ಎರಡೂ ಬ್ರೇಕು ಇಡ್ದು ನೋಡೋದು. ಬೆಲ್ಲು, ಚೈನು, ಹಿಂದ್ಗಡೆ ಕೆಂಪು ಬಿಲ್ಲೆ. ವೇಲು ಚಕ್ರಕ್ಕೆ ಸಿಕ್ಕೊಳ್ದಂಗೆ ಪಿನ್ನು. ತಲೆಗೆ ಹೆಲ್ಮೆಟ್ಟು, ಅದರ ಪಟ್ಟಿ ಗಲ್ಲದ ಕೆಳ್ಗೆ ಬಿಗಿಯಾಗಿ."

"ಸೈಕಲ್ಗೂ ಟೋಪಿನಾ? ನಮ್ಮಳ್ಳೀಲಿ ನಗ್ತಾರೆ ಕಣೆ."

"ನಗ್ಲಿ ಬುಡು. ನಗೋರ ತಲೆ ಅವ್ರತ್ರ ಇರ್ತದೆ. ನಮ್ ಮಕ್ಳ ತಲೆ ನಾವು ನೋಡ್ಕೊಬೇಕು."

ಗುಂಪಿನಲ್ಲಿ ತುಳಿಯುವುದು ಒಬ್ಬಳೇ ತುಳಿದ ಹಾಗಲ್ಲ, ಮೊದಲೇ ಅಭ್ಯಾಸ ಬೇಕು ಎಂದಳು ಜಾಕಿಯಾ. ಭಾನುವಾರ ಅಕ್ಸಾಳನ್ನು ಕರೆದುಕೊಂಡು ಬರುತ್ತೇನೆ, ಇಬ್ಬರೂ ನಾಲೆ ಏರಿಯ ಮೇಲೆ ತುಳಿಯಲಿ, ನೋಡಿ ಆಮೇಲೆ ಬೇಕಾದರೆ ಬೇಡ ಅನ್ನು ಎಂದಳು. ದೇವಿರಮ್ಮ ಒಪ್ಪಿಕೊಂಡಳು. ಬಾಯಿ ಒಪ್ಪಿತು, ಹೊಟ್ಟೆಯೊಳಗಿನ ಕಲ್ಲು ಒಪ್ಪಲಿಲ್ಲ.

ಶನಿವಾರ ರಜೆ ಹಾಕಿ, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಮುತ್ತತ್ತಿಗೆ ಹೋದಳು. ಹೊಳೆಯಲ್ಲಿ ಕಾಲು ತೊಳೆದು ಆಂಜನೇಯನ ಮುಂದೆ ನಿಂತಳು. ಮಗಳನ್ನು ಕಾಪಾಡು ಎಂದು ಹರಕೆ ಹೊತ್ತಳು. ಪೂಜಾರಿ ಕೊಟ್ಟ ನಿಂಬೆಹಣ್ಣನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಳು.

ಭಾನುವಾರ ಬೆಳಿಗ್ಗೆ ಜಾಕಿಯಾ, ಅಕ್ಸಾ ಬಂದರು. ಜಾಕಿಯಾ ಅಂಗಳದಲ್ಲೇ ಗಗನಳ ಸೈಕಲ್ಲು ನೋಡಿದಳು. ಗಾಳಿ ಸರಿಯಿತ್ತು. ಚಕ್ರ ಎತ್ತಿ ತಿರುಗಿಸಿ ಬ್ರೇಕು ಹಿಡಿದರೆ ತಕ್ಷಣ ನಿಂತಿತು. ತಂದಿದ್ದ ಹೆಲ್ಮೆಟ್ಟನ್ನು ಗಗನಳಿಗೆ ಹಾಕಿ, ಪಟ್ಟಿ ಬಿಗಿ ಮಾಡಿ, "ಈಗ ಇಡ್ಲಿ ತಿನ್ನೋಗು. ಬರೀ ಹೊಟ್ಟೇಲಿ ತುಳೀಬಾರ್ದು. ನೀರಿನ ಬಾಟ್ಲೂ ತಕೊ," ಎಂದಳು.

ಎಲ್ಲರೂ ಒಳಗೆ ಹೋದರು. ದೇವಿರಮ್ಮ ಹೊರಗೆ ಬಂದಳು. ಬಲಗಡೆ ಹಿಡಿಯ ಬುಡದಲ್ಲಿ, ಬ್ರೇಕಿನ ಸನಿಹವೇ, ನಿಂಬೆಹಣ್ಣಿನ ಗಂಟನ್ನು ಬಿಗಿದಳು. ಒಂದು ಗಂಟು ಸಾಲದೆ ಮೇಲೊಂದು ಹಾಕಿದಳು. ಅದರ ಮೇಲೆ ಸೇವಂತಿಗೆ ಹಾರ ಸುತ್ತಿದಳು.

ಹೊರಗೆ ಬಂದ ಜಾಕಿಯಾ ಹಾರ ನೋಡಿದಳು. "ಇದೇನಕ್ಕ?"

"ದೇವ್ರದು. ಇರ್ಲಿ."

ಜಾಕಿಯಾಳ ಕೈ ಹಾರದವರೆಗೆ ಹೋಗಿ ಹಿಂದೆ ಬಂತು. ಇನ್ನೊಬ್ಬರ ದೇವರ ವಸ್ತು. ಏನೆಂದರೆ ಏನು ತಿಳಿದುಕೊಳ್ಳುತ್ತಾರೋ. ಅವಳು ಏರಿಯ ಕಡೆ ಹೊರಟಳು.

ಏರಿಯ ಮೇಲೆ ಹುಡುಗಿಯರು ಚೆನ್ನಾಗಿಯೇ ತುಳಿದರು. ಜಾಕಿಯಾ ದೇವಿರಮ್ಮನ ಜೊತೆ ಇಳಿಜಾರಿನ ಕೆಳಗೆ ನಿಂತು ಕೂಗಿ ಹೇಳುತ್ತಿದ್ದಳು. "ಮುಂದಿನೋಳ ಹಿಂದಿನ ಚಕ್ರಕ್ಕೆ ನಿನ್ ಚಕ್ರ ತಾಗಿಸ್ಬ್ಯಾಡ ಕಣೆ ಅಕ್ಸಾ, ಜಾಗ ಬುಡು. ಗಗನ, ನಿಲ್ಲೋ ಮುಂಚೆ ಕೈ ಎತ್ತು, ಬಾಯಲ್ಲೂ ಹೇಳು. ಹಿಂದಿನೋರಿಗೆ ನಿನ್ ಮನಸ್ಸು ಕಾಣಾಕಿಲ್ಲ."

ಗಗನ ನಗುತ್ತಾ ಕೈ ಎತ್ತಿದಳು. ಮಗಳು ಹೀಗೆ ನಕ್ಕು ಎಷ್ಟು ದಿನವಾಯಿತು ಎಂದುಕೊಳ್ಳುವಷ್ಟರಲ್ಲಿ ದೇವಿರಮ್ಮನ ಕಿವಿಗೆ ಆ ಸದ್ದು ಬಿತ್ತು. ಕಬ್ಬಿನ ಟ್ರಾಕ್ಟರಿನ ಸದ್ದು. ಏರಿಯ ಇಳಿಜಾರು ಟಾರು ರಸ್ತೆಗೆ ಸೇರುವ ಕಡೆಗೆ ಅದು ಬರುತ್ತಿತ್ತು. ಗಗನ ಆಗಲೇ ಇಳಿಜಾರಿನಲ್ಲಿದ್ದಳು.

ಅವಳು ಬ್ರೇಕು ಹಿಡಿದದ್ದು ಎಲ್ಲರಿಗೂ ಕಂಡಿತು. ಸೈಕಲ್ಲು ನಿಲ್ಲಲಿಲ್ಲ.

"ಬ್ರೇಕು ಇಡೀತಿಲ್ಲ!" ಎಂದು ಗಗನ ಕೂಗಿದಳು.

ಕಿರುಗಾವಲಿನ ರಸ್ತೆ, ಮಬ್ಬುಗತ್ತಲು, ತಾನು ಕಣ್ಣಾರೆ ಕಾಣದಿದ್ದ ತಮ್ಮನ ಆ ಕೊನೆ ಗಳಿಗೆ, ಎಲ್ಲ ಈಗ ಹಗಲು ಬೆಳಕಿನಲ್ಲಿ ದೇವಿರಮ್ಮನ ಕಡೆಗೇ ಇಳಿದು ಬರುತ್ತಿತ್ತು. ಗಗನ ಎಡಗಡೆಯ ಬ್ರೇಕನ್ನು ಬಿಗಿಯಾಗಿ ಹಿಡಿದಳು. ಹಿಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಸೈಕಲ್ಲು ಅಡ್ಡ ಬಿತ್ತು. ಹುಡುಗಿ ಉರುಳಿ ರಸ್ತೆಯ ಅಂಚಿನ ಕಲ್ಲಿಗೆ ತಲೆ ಬಡಿದುಕೊಂಡು ಅಲ್ಲೇ ಬಿದ್ದಳು. ಟ್ರಾಕ್ಟರು ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹಾದು ಹೋಯಿತು.

ಹಿಂದೆ ಜಾಗ ಬಿಟ್ಟು ಬರುತ್ತಿದ್ದ ಅಕ್ಸಾ ಸೈಕಲ್ಲು ನಿಲ್ಲಿಸಿಕೊಂಡಳು. ಅಂಟಿಕೊಂಡು ಬಂದಿದ್ದರೆ ಅವಳೂ ಮೇಲೆ ಬೀಳುತ್ತಿದ್ದಳು.

"ಅವ್ವ," ಎಂದಳು ಗಗನ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಹೆಲ್ಮೆಟ್ಟಿನ ಒಂದು ಬದಿ ಸೀಳಿತ್ತು. ಅದರೊಳಗಿನ ತಲೆಗೆ ಏನೂ ಆಗಿರಲಿಲ್ಲ. ಆದರೂ ಜಾಕಿಯಾ ಅವಳನ್ನು ಎಬ್ಬಿಸಿ ಕೂರಿಸಿ, ತಲೆ ಸುತ್ತುತ್ತಾ, ವಾಂತಿ ಬರುತ್ತಾ ಎಂದು ಕೇಳಿದಳು. ಡಾಕ್ಟರ ಹತ್ತಿರ ಹೋಗಿಯೇ ಮನೆಗೆ ಎಂದಳು.

ದೇವಿರಮ್ಮ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಕಣ್ಣು ಬಿದ್ದ ಸೈಕಲ್ಲಿನ ಮೇಲಿತ್ತು. ಬಲಗಡೆಯ ಬ್ರೇಕಿನ ಹಿಡಿಗೂ ಹ್ಯಾಂಡಲ್ಲಿಗೂ ನಡುವೆ ನಿಂಬೆಹಣ್ಣು ಜಾರಿ ಸಿಕ್ಕಿಕೊಂಡಿತ್ತು. ಹಣ್ಣು ಒಡೆದು ರಸ ಸೋರುತ್ತಿತ್ತು. ಕೆಂಪು ಬಟ್ಟೆ ಬ್ರೇಕಿನ ತಂತಿಗೆ ಸುತ್ತಿಕೊಂಡಿತ್ತು.

ಜಾಕಿಯಾ ಬಗ್ಗಿ ಆ ಬಟ್ಟೆಯನ್ನು ತಂತಿಯಿಂದ ಬಿಡಿಸಿದಳು.

"ನಾನೇ ಕಟ್ಟಿದ್ದು," ಎಂದಳು ದೇವಿರಮ್ಮ. "ಕಾಪಾಡ್ಲಿ ಅಂತ ನಾನೇ ಕಟ್ಟಿದ್ದು ಜಾಕಿಯಾ."

"ನಾನೂ ನೋಡಿದ್ನಲ್ಲಕ್ಕ. ನೀನೇನ್ ಅಂದ್ಕೊತೀಯೋ ಅಂತ ಬಾಯಿ ಮುಚ್ಕೊಂಡೆ. ನಂದೂ ತಪ್ಪೇ. ನೀನು ಬೈದಿದ್ರೂ ಬೈಸ್ಕೊಬೇಕಿತ್ತು."

ಡಾಕ್ಟರಿಗೆ ತೋರಿಸಿಕೊಂಡು ಮನೆಗೆ ಬಂದರು. ಈ ಸಲ ಕೆಂಪಯ್ಯ ನಗಲಿಲ್ಲ. "ಜಾಥಾನೂ ಬ್ಯಾಡ, ಏನೂ ಬ್ಯಾಡ," ಎಂದ.

ಬೇಡ ಎನ್ನಲು ಎಲ್ಲರಿಗಿಂತ ಮೊದಲು ಬಾಯಿ ತೆರೆಯಬೇಕಾದವಳು ತಾನು ಎಂದು ದೇವಿರಮ್ಮನಿಗೆ ಗೊತ್ತಿತ್ತು. ಆದರೆ ನಾಳೆಯೂ ಮಗಳು ಇದೇ ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೋಗುವವಳೇ. ಜಾಥಾಕ್ಕೆ ಬೇಡ ಎಂದರೆ ದಿನದ ರಸ್ತೆಯೇನೂ ಮೆತ್ತಗಾಗುವುದಿಲ್ಲ. ಮಗಳನ್ನು ಉಳಿಸಿದ್ದು ಊರು ನಗುತ್ತದೆಂದು ತಾನು ಬೇಡವೆಂದ ಟೋಪಿ, ಅಕ್ಸಾ ಬಿಟ್ಟ ಜಾಗ. ಇಷ್ಟು ವರ್ಷ ತಾನು ಮಾಡಿದ್ದು ಬರೀ ಹೆದರಿದ್ದು.

"ಬ್ಯಾಡ ಅನ್ಬ್ಯಾಡಿ," ಎಂದಳು ಗಂಡನಿಗೆ. "ಡಾಕ್ಟ್ರು ಪರ್ವಾಗಿಲ್ಲ ಅಂದವ್ರೆ. ಗಾಯ ಮಾಯ್ಲಿ. ನಾನು ಸೈಕಲ್ ನೋಡೋದು ಕಲೀತೀನಿ. ನಾನು ನೋಡಿ ಸರಿ ಅಂದ ಮ್ಯಾಲೇ ಅವ್ಳು ಓಗ್ಲಿ."

ಜಾಕಿಯಾ ಕಲಿಸಿದಳು. ಏಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದೆಂದು ಬೇರೆಯದು ಕೊಡಿಸಿದಳು. ಗಾಯ ಮಾಗಿದ ಮೇಲೆ ಹುಡುಗಿಯರು ಟ್ರಾಕ್ಟರು ಬಾರದ ಕಾಲೇಜು ಮೈದಾನದಲ್ಲಿ ಅಭ್ಯಾಸ ಮಾಡಿದರು. ಹರಕೆಯ ಹೊಸ ನಿಂಬೆಹಣ್ಣು ದೇವರ ಗೂಡಿನಲ್ಲಿ ಕೂತಿತು.

ಜಾಥಾದ ಬೆಳಿಗ್ಗೆ ಮಂಡ್ಯದ ಒಂದು ತಿರುವಿನಲ್ಲಿ ದೇವಿರಮ್ಮ ಸೈಕಲ್ಲುಗಳಿಗೆ ದಾರಿ ತೋರಿಸುವ ಬಾವುಟ ಹಿಡಿದು ನಿಂತಿದ್ದಳು. ಜಾಕಿಯಾಳೇ ನಿಲ್ಲಿಸಿದ್ದು. ಬೆಳಗಾಗುವ ಮೊದಲೇ ಎದ್ದು ಚಕ್ರ ಎತ್ತಿ, ತಿರುಗಿಸಿ, ಎರಡೂ ಬ್ರೇಕು ಹಿಡಿದು ನೋಡಿದಾಗ ಹತ್ತಿದ ಗ್ರೀಸು ಇನ್ನೂ ಬೆರಳಿನಲ್ಲಿತ್ತು. ಬೀದಿಯ ತುಂಬ ಸೈಕಲ್ಲುಗಳು ಬಂದವು. ಭಯ ಎಲ್ಲಿಗೂ ಹೋಗಿರಲಿಲ್ಲ.

"ಹಂಪ್! ನಿಧಾನ!" ಮುಂದಿನವಳು ಕೂಗಿದಳು. ಅವಳ ಹಿಂದಿನವಳು ಕೂಗಿದಳು. ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹರಿಯಿತು. ಆ ದನಿಗಳ ನಡುವೆ ಒಂದು ದನಿ ಗಗನಳದು. ಅವಳು ಕೈ ಎತ್ತಿದಳು, ಬ್ರೇಕು ಹಿಡಿದಳು, ಸೈಕಲ್ಲು ಹೇಳಿದ ಮಾತು ಕೇಳಿತು. ತಾಯಿಯ ಮುಂದೆ ಹಾದು ಹೋಗುವಾಗಲೂ ಅವಳು ಕಣ್ಣು ರಸ್ತೆಯಿಂದ ಕೀಳಲಿಲ್ಲ.

ಮಗಳು ತನ್ನ ಕಡೆ ನೋಡಲಿಲ್ಲವಲ್ಲ ಎಂದು ದೇವಿರಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಸಂತೋಷವಾಯಿತು.

ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯ ಮಗಳೂ ನಾಳೆ ಇಂಥ ಗುಂಪಿನಲ್ಲಿ ತುಳಿಯಬಹುದು. ಹೆದರಿಕೆಯಾದರೆ ನಾಚಬೇಡಿ. ಅದನ್ನು ಎದೆಯಲ್ಲಿ ಇಟ್ಟುಕೊಂಡು ಕೂರಲೂಬೇಡಿ. ಎದ್ದು ಹೋಗಿ ಸೈಕಲ್ಲಿನ ಗಾಳಿ ಒತ್ತಿ ನೋಡಿ, ಎರಡೂ ಬ್ರೇಕು ಹಿಡಿದು ನೋಡಿ, ಹೆಲ್ಮೆಟ್ಟಿನ ಪಟ್ಟಿ ನಿಮ್ಮ ಕೈಯಲ್ಲೇ ಬಿಗಿಯಿರಿ. ಎಡಕ್ಕೆ ಇರು, ಜಾಗ ಬಿಡು, ನಿಲ್ಲುವ ಮುಂಚೆ ಹೇಳು, ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡ ಎಂದು ಹೇಳಿ ಕಳಿಸಿ. ಪಕ್ಕದ ಮನೆಯವರ ಸೈಕಲ್ಲಿನಲ್ಲಿ ತಪ್ಪು ಕಂಡರೆ ಸಂಕೋಚ ಬಿಟ್ಟು ಹೇಳಿ. ಹರಕೆ ಕಟ್ಟಿ, ಬೇಡ ಎನ್ನುವುದಿಲ್ಲ. ದೇವರ ಗೂಡಿನಲ್ಲಿ ಕಟ್ಟಿ. ಬ್ರೇಕಿನ ಹಿಡಿ ಮಗಳ ಬೆರಳಿಗೆ ಖಾಲಿ ಇರಲಿ.