ಕುಂಕುಮ ಇಟ್ಟ ಆರು ಸೈಕಲ್

ಹಲಗೂರಿನ ಬಸ್ ನಿಲ್ದಾಣದ ಪಕ್ಕ, ಹುಣಸೆಮರದ ಕೆಳಗೆ ತಗಡಿನ ಚಪ್ಪರ. ಅದರಡಿ ಪಂಚಾಯಿತಿಯ ಆರು ಸೈಕಲ್. ಸಾಯಂಕಾಲದ ಬಸ್ಸಿಳಿದವರು ಸೈಕಲ್ ತುಳಿದುಕೊಂಡು ತಂತಮ್ಮ ಹಳ್ಳಿಗೆ ಹೋಗುವುದು, ಬೆಳಿಗ್ಗೆ ಅದನ್ನೇ ತಂದು ಕಾವಲಿನ ಕರಿಯಯ್ಯನಿಗೆ ಒಪ್ಪಿಸಿ ಏಳು ಗಂಟೆಯ ಮಳವಳ್ಳಿ ಬಸ್ಸು ಹತ್ತುವುದು. ಎಪ್ಪತ್ನಾಲ್ಕನೇ ಇಸವಿಗೆ ಈ ಏರ್ಪಾಡು ಶುರುವಾಗಿ ಎರಡು ವರ್ಷ ತುಂಬಿತ್ತು.

ಆರು ಸೈಕಲ್ಲು ಆರು ಜನಕ್ಕೇ ಸರಿ. ಹೊಸದೊಡ್ಡಿಯ ಮಹದೇವಮ್ಮನಿಗೆ ಸಿಕ್ಕಿರಲಿಲ್ಲ. ಮಳವಳ್ಳಿಯ ಒಂದು ಶಿಶುವಿಹಾರದಲ್ಲಿ ಅವಳು ಆಯಾ. ಮೂರು ಮೈಲಿ ನಡೆದು ಬಂದು ಬಸ್ಸು ಹಿಡಿಯಬೇಕು. ಆ ತಿಂಗಳಲ್ಲೇ ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದಳು. ಮೂರನೇ ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಡಂ ಹೇಳಿಬಿಟ್ಟಿದ್ದರು. ತಾಲ್ಲೂಕು ಬೋರ್ಡು ಇನ್ನು ಹತ್ತು ಸೈಕಲ್ಲಿಗೆ ಹಣ ಕೊಟ್ಟರೆ ಮೂರು ಹೊಸದೊಡ್ಡಿಗೆ ಎಂದು ಮಾತಾಗಿತ್ತು. ಅದನ್ನೇ ನಂಬಿಕೊಂಡು ಅವಳು ಅಣ್ಣನ ಸೈಕಲ್ಲಿನಲ್ಲಿ, ಸೀರೆ ಎತ್ತಿ ಕಟ್ಟಿ, ಕುಯ್ಲಾದ ಗದ್ದೆಯಲ್ಲಿ ಬಿದ್ದೂ ಎದ್ದೂ ತುಳಿಯುವುದು ಕಲಿತಿದ್ದಳು.

ಬೋರ್ಡಿನಿಂದ ಶ್ಯಾಮಣ್ಣ ಎಂಬ ಸಾಹೇಬರು ಬುಧವಾರ ಬೆಳಿಗ್ಗೆ ತನಿಖೆಗೆ ಬರುತ್ತಾರೆಂದು ತಿಳಿದಾಗ ಕರಿಯಯ್ಯ ಸಡಗರಕ್ಕೆ ಬಿದ್ದ. ಮಂಗಳವಾರ ಮಧ್ಯಾಹ್ನ ಆರನ್ನೂ ತೊಳೆದ, ಎಣ್ಣೆ ಒರೆಸಿದ, ಹ್ಯಾಂಡಲಿಗೆ ಚೆಂಡುಹೂವು ಸಿಕ್ಕಿಸಿ ಕುಂಕುಮ ಇಟ್ಟು ಕಾಯಿ ಒಡೆದ. ಪೂಜೆಯಾದ ಮೇಲೆ ಅವತ್ತು ತುಳಿಯುವ ಹಾಗಿಲ್ಲವಲ್ಲ. ಸಾಯಂಕಾಲ ಬಸ್ಸಿಳಿದ ಆರು ಜನಕ್ಕೂ ನಡೆದುಕೊಂಡು ಹೋಗಿ ಎಂದ. ಅವರೂ ಅದು ಸರಿಯೆಂದೇ ನಡೆದರು.

ಬೆಳಿಗ್ಗೆ ಶ್ಯಾಮಣ್ಣ ಬಂದು ನೋಡಿದರೆ ಆರೂ ಸೈಕಲ್ಲು ಮದುವೆ ಹೆಣ್ಣಿನ ಹಾಗೆ ನಿಂತಿವೆ. ಟೈರಿನಲ್ಲಿ ಒಂದು ಚೂರು ಮಣ್ಣಿಲ್ಲ. ನಿನ್ನೆ ರಾತ್ರಿ ಇವು ಎಲ್ಲಿಗೆ ಹೋಗಿದ್ದವು ಎಂದು ಕೇಳಿದರು.

ಕರಿಯಯ್ಯ ಎದೆಯುಬ್ಬಿಸಿ, "ಎಲ್ಲಿಗೂ ಇಲ್ಲ ಬುದ್ಧಿ. ಒಬ್ರಿಗೂ ಮುಟ್ಟಕ್ ಬುಟ್ಟಿಲ್ಲ" ಎಂದ.

ಶ್ಯಾಮಣ್ಣ ಪೆನ್ನು ತೆಗೆದರು. ಇರುವ ಆರನ್ನೇ ಕೇಳುವವರಿಲ್ಲ, ಇನ್ನು ಹತ್ತು ಯಾಕೆ ಎನ್ನುತ್ತಾ ಬರೆಯತೊಡಗಿದರು.

ಮಹದೇವಮ್ಮ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಕಂಡಕ್ಟರ್ ಅಂಕಯ್ಯ ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದ. ಈ ಬಸ್ಸು ಹೋದರೆ ಕೆಲಸ ಹೋಯಿತು, ಆ ಬರಹ ಮುಗಿದರೆ ಸೈಕಲ್ಲು ಹೋಯಿತು. ಅವಳು ಇಟ್ಟ ಕಾಲನ್ನು ಕೆಳಗಿಳಿಸಿದಳು.

"ಬುದ್ಧಿ, ಆಯುಧಪೂಜೆ ದಿನ ನೇಗ್ಲು ಮೂಲೇಲಿ ನಿಂತಿರ್ತದೆ. ಅದ ಕಂಡು ಈ ಮನೇರು ಉಳಾಕಿಲ್ಲ ಅಂತ ಬರ್ಕತೀರಾ?"

ಪೆನ್ನು ನಿಂತಿತು. ಅವಳು ಅಂಕಯ್ಯನ ಕಡೆ ತಿರುಗಿ, ಸೈಕಲ್ಲಿನವರು ಇವತ್ತು ನಡೆದು ಬರಬೇಕು, ಒಂದು ಗಳಿಗೆ ತಡೆದರೆ ಆರು ಟಿಕೆಟ್ಟು ಬರುತ್ತವೆ ಎಂದಳು. ಅಂಕಯ್ಯನಿಗೂ ದಿನಾ ಹತ್ತುವ ಮುಖಗಳು ಕಾಣದೆ ಸೋಜಿಗವಾಗಿತ್ತು. ಸೀಟಿ ಊದಲಿಲ್ಲ.

ಅಷ್ಟರಲ್ಲಿ ಕೆರೆ ಏರಿಯ ಮೇಲೆ ಆರು ಜನ ಕಾಣಿಸಿದರು. ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದ ಕೆಂಪಸಿದ್ದಯ್ಯ ಮೇಷ್ಟ್ರು, ಹಿಂದೆ ಪಂಚೆ ಎತ್ತಿಕೊಂಡ ಉಳಿದವರು. ಸೈಕಲ್ಲಿನ ಲೆಕ್ಕದಲ್ಲೇ ಮನೆ ಬಿಟ್ಟಿದ್ದರು, ನಡೆಯುವುದಕ್ಕೆ ಎಷ್ಟು ಹೊತ್ತು ಬೇಕೆಂಬುದೇ ಅವರಿಗೆ ಮರೆತುಹೋಗಿತ್ತು. ಮೇಷ್ಟ್ರು ಒಂದು ಸೈಕಲ್ಲಿನ ಸೀಟು ಹಿಡಿದು ಏದುಸಿರು ಬಿಟ್ಟರು.

"ಮುಟ್ಬ್ಯಾಡಿ ಮೇಷ್ಟ್ರೇ, ಪೂಜೆ ಆಗದೆ" ಎಂದ ಕರಿಯಯ್ಯ.

ಶ್ಯಾಮಣ್ಣನವರಿಗೆ ನಗು ತಡೆಯಲಾಗಲಿಲ್ಲ. ಬರೆದಿದ್ದನ್ನು ಹೊಡೆದುಹಾಕಿದರು. ಏಳೂ ಜನ ಹತ್ತಿದ ಮೇಲೆ ಬಸ್ಸು ಹೊರಟಿತು. ಡ್ರೈವರು ಒಂಚೂರು ಜೋರಾಗೇ ಓಡಿಸಿದ.

ಸಂಕ್ರಾಂತಿ ಕಳೆದು ಹತ್ತು ಸೈಕಲ್ಲು ಬಂದವು. ಮೊದಲ ದಿನ ಬೆಳಿಗ್ಗೆ ಮಹದೇವಮ್ಮ ತನ್ನ ಪಾಲಿನದನ್ನು ತುಳಿದುಕೊಂಡು ಬಂದಾಗ ಬಸ್ಸಿನ್ನೂ ಬಂದಿರಲಿಲ್ಲ. ಕರಿಯಯ್ಯ ಕುಂಕುಮದ ಪೊಟ್ಟಣ ಬಿಚ್ಚುತ್ತಾ ಎದ್ದುಬಂದ.

ಅವಳು ಹ್ಯಾಂಡಲಿಗೆ ಕೈ ಅಡ್ಡ ಹಿಡಿದಳು. "ಭಾನ್ವಾರ ಮಾಡ್ಕಳಣ್ಣ. ಅವತ್ತು ನಂಗೆ ರಜ."