ಕುಮ್ಕಿಯ ಮರಗಳು

ದನದ ಹಟ್ಟಿಗೆ ಸೊಪ್ಪು ಕಡಿಯಲು ಸರಕಾರ ಬಿಟ್ಟುಕೊಟ್ಟಿದ್ದ ಕುಮ್ಕಿ ಜಾಗದಲ್ಲಿ ದುಗ್ಗಮ್ಮ ಮೂವತ್ತು ವರ್ಷಗಳಿಂದ ಹೆಬ್ಬಲಸು, ಪುನರ್ಪುಳಿ ಬೆಳೆಸಿದ್ದಳು. ಹವಾಮಾನ ಯೋಜನೆಯ ಸಮೀಕ್ಷೆಗೆ ನೆರೆಮನೆಯ ಸುರಕ್ಷಾ ಬಂದಾಗ, ತಾನು ಎತ್ತಿ ಆಡಿಸಿದ ಹುಡುಗಿಯೆಂದು ಒಂದೊಂದು ಮರವನ್ನೂ ಹೆಮ್ಮೆಯಿಂದ ತೋರಿಸಿದಳು.

ತಿಂಗಳು ಕಳೆಯುವುದರೊಳಗೆ ಅಲ್ಲಿ ಬೇಲಿ ಎದ್ದಿತು. ‘ಸರಕಾರದ ಹೊಸ ನೆಡುತೋಪು, ಪ್ರವೇಶವಿಲ್ಲ’ ಎಂಬ ಫಲಕವೂ ಬಂತು.

“ಎಂತ ಮಾಡುದು ದೊಡ್ಡಮ್ಮ, ಇಷ್ಟು ಹೊಸ ಮರ ನೆಟ್ಟೆವು ಅಂತ ನಮಗೆ ಯೋಜನೆಯ ಗುರಿ ಮುಟ್ಟಬೇಕಿತ್ತು,” ಎಂದಳು ಸುರಕ್ಷಾ. “ಉದ್ಘಾಟನೆಗೆ ಬನ್ನಿ, ನಿಮಗೊಂದು ಶಾಲು ಉಂಟು.”

“ಮೂವತ್ತು ವರ್ಷದ ಮರ ಹೊಸತು ಹೇಗಾಗ್ತದೆ ಮಾರಾಯ್ತಿ? ಶಾಲನ್ನು ಆ ಫಲಕಕ್ಕೇ ಹೊದಿಸು.”

ಸುರಕ್ಷಾ ನಕ್ಕಳು. ಬೇಲಿಗಿಂತ ಆ ನಗುವೇ ದುಗ್ಗಮ್ಮನಿಗೆ ಹೆಚ್ಚು ಚುಚ್ಚಿತು. ಕತ್ತಿ ಹಿಡಿದು ಸೊಪ್ಪಿಗೆ ಹೊರಟಿದ್ದವಳು, ಹಟ್ಟಿಯಲ್ಲಿ ಹಸು ಕೂಗುವವರೆಗೂ ಬೇಲಿಯ ಹೊರಗೇ ನಿಂತಿದ್ದಳು.